ಚಿತ್ರದ ನಡುಕ ಮತ್ತು ಚಿತ್ರದ ಅಂಚು

ಹಿಂದೆ ಊರಿಗೊಂದು ಕ್ಯಾಮರಾ ಇದ್ದರೆ ಅದೇ ದೊಡ್ಡ ಮಾತು. ಮದುವೆ, ಉಪನಯನಗಳಿಗೆ ಪೇಟೆಯಿಂದ ಛಾಯಾಗ್ರಾಹಕರನ್ನು ಹೇಳಿಕಳಿಸಿ ಕರೆಸಬೇಕಾಗಿತ್ತು. ಇಂದು ಹಾಗಿಲ್ಲ. ಒಂದೊಂದು ಮನೆಯಲ್ಲೂ ಎರಡು ಮೂರು ಮೊಬೈಲ್ ಫೋನುಗಳಿವೆ. ಜಾತ್ರೆಯಿರಲಿ, ಬಯಲಾಟವಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಕಾರ್ಯಕ್ರಮ ಆರಂಭವಾದೊಡನೆ ಹತ್ತಾರು ಕೈಗಳು ಮೇಲೇಳುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಹೀಗೆ ತೆಗೆದ ವಿಡಿಯೋವನ್ನು ಮನೆಗೆ ಬಂದು ಹಾಕಿ ನೋಡಿದರೆ ಹೊಳೆ ದಾಟುವ ದೋಣಿಯಲ್ಲಿ ಕುಳಿತು ದಡ ನೋಡಿದಂತಾಗುತ್ತದೆ. ದೀಪ ತೂಗುತ್ತದೆ, ಗೋಡೆ ತೂಗುತ್ತದೆ, ಭಾಷಣಕಾರರು ಮೈಕಿನ ಸಮೇತ ತೂಗುತ್ತಾರೆ. ಐದು ನಿಮಿಷ ನೋಡುವಷ್ಟರಲ್ಲಿ ತಲೆ ಸುತ್ತುತ್ತದೆ.

ಹೀಗೆ ನಡುಗುವ ವಿಡಿಯೋವನ್ನು ಕಂಪ್ಯೂಟರಿನ ಸಹಾಯದಿಂದ ನೆಟ್ಟಗೆ ನಿಲ್ಲಿಸಲು ಬರುತ್ತದೆ. ಈ ವಿದ್ಯೆಯನ್ನು ನಮ್ಮ ಶಾಲೆಯ ಮಕ್ಕಳು ಕಲಿತರು. ಅವರ ಪಕ್ಕದಲ್ಲಿ ಕುಳಿತು ಅಧ್ಯಾಪಕರಾದ ನಾವೂ ಕಲಿತೆವು. ಕಲಿಯುವಾಗ ಒಂದು ದೊಡ್ಡ ತಪ್ಪನ್ನೂ ಮಾಡಿದೆವು. ಆ ತಪ್ಪಿನಿಂದ ನಮಗೆ ತೋರಿದ ಕೆಲವು ವಿಚಾರಗಳನ್ನು ಈ ಸಂಚಿಕೆಯ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿ ನಿವೃತ್ತರಾಗಿದ್ದ ಹಿರಿಯ ಮಾಷ್ಟ್ರೊಬ್ಬರಿದ್ದರು. ಮಕ್ಕಳು ಅವರನ್ನು ಅಜ್ಜ ಮಾಷ್ಟ್ರು ಎನ್ನುತ್ತಿದ್ದರು. ಪಾರ್ತಿಸುಬ್ಬನ ಹೆಸರು ಹೇಳಿಕೊಳ್ಳುವ ಈ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಯ ರುಚಿಯಿಲ್ಲದವರು ಕಡಿಮೆ. ಅವರಂತೂ ಒಳ್ಳೆಯ ಅರ್ಥಧಾರಿಗಳು. ವಾರ್ಷಿಕೋತ್ಸವದ ಮುನ್ನಾದಿನ ನಮ್ಮ ಒತ್ತಾಯಕ್ಕೆ ಒಪ್ಪಿ 'ವಾಲಿವಧೆ'ಯಲ್ಲಿ ವಾಲಿಯ ಅರ್ಥ ಹೇಳಿದರು. ಭಾಗವತರು, ಮದ್ದಳೆಯವರು, ಚೆಂಡೆಯವರು ಹೊರಗಿನಿಂದ ಬಂದಿದ್ದರು. ಚಕ್ರತಾಳಕ್ಕೆ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಕೂರಿಸಿದ್ದೆವು. ಅವನಿಗೆ ಅದೇ ಮೊದಲ ಕೂಟ.

ಶಾಲೆಯ ಕ್ಯಾಮರಾದಲ್ಲಿ ಚಿತ್ರ ತೆಗೆಯುವ ಕೆಲಸವನ್ನು ಒಂಬತ್ತನೆಯ ತರಗತಿಯ ಒಬ್ಬನಿಗೆ ವಹಿಸಿದ್ದೆವು. ಕ್ಯಾಮರಾದ ಮೂರು ಕಾಲಿನ ಸ್ಟ್ಯಾಂಡಿನ ಒಂದು ತಿರುಪು ಕಳೆದು ಆರು ತಿಂಗಳಾಗಿತ್ತು. ನಾಳೆ ತರಿಸೋಣ, ನಾಡಿದ್ದು ತರಿಸೋಣ ಎಂದು ನಾವೇ ಮುಂದೂಡಿದ್ದೆವು. ಪಾಪ, ಆ ಹುಡುಗ ಬೆಂಚಿನ ಮೇಲೆ ನಿಂತು ಕ್ಯಾಮರಾವನ್ನು ಕೈಯಲ್ಲೇ ಹಿಡಿದ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಚಿಕ್ಕ ಮಕ್ಕಳು ಕೂರುತ್ತಿದ್ದರು, ಏಳುತ್ತಿದ್ದರು. ವಾಲಿ ಮತ್ತು ರಾಮನ ಸಂವಾದದ 22 ನಿಮಿಷಗಳ ವಿಡಿಯೋ ದಕ್ಕಿತು. ಆದರೆ ಮೊದಲಿನಿಂದ ಕೊನೆಯವರೆಗೂ ನಡುಕ.

ಆಗ ಯಾರೂ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಮುಂದಿನ ವರ್ಷ ಇನ್ನೊಮ್ಮೆ ಮಾಡಿಸಿದರಾಯಿತು ಎಂದುಕೊಂಡೆವು. ಮಳೆಗಾಲ ಮುಗಿಯುವ ಮೊದಲೇ ಅಜ್ಜ ಮಾಷ್ಟ್ರು ತೀರಿಕೊಂಡರು. ಅವರ ದನಿಯೂ ಮುಖವೂ ಒಟ್ಟಿಗಿರುವ ವಿಡಿಯೋ ಬೇರೊಂದಿಲ್ಲವೆಂದು ಅವರ ಮನೆಯವರು ಹೇಳಿದಾಗಲೇ ನಮಗೆ ಆ 22 ನಿಮಿಷಗಳ ಬೆಲೆ ತಿಳಿದದ್ದು.

ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ 'ಲಿಟ್ಲ್ ಕೈಟ್ಸ್' ಎಂಬ ಮಕ್ಕಳ ಕಂಪ್ಯೂಟರ್ ಕೂಟ ನಡೆಯುತ್ತಿದೆ. ನಮ್ಮ ಶಾಲೆಯ ಕೂಟದ ಮಕ್ಕಳು ಬ್ಲೆಂಡರ್ ಎಂಬ ತಂತ್ರಾಂಶವನ್ನು ಸ್ವಲ್ಪ ಬಲ್ಲರು. ಅದು 2002ರಿಂದ ಎಲ್ಲರಿಗೂ ಬಿಟ್ಟಿಯಾಗಿ ದೊರೆಯುವ ಮುಕ್ತ ತಂತ್ರಾಂಶ. ಗೊಂಬೆಚಿತ್ರ ಮಾಡುವುದರ ಜೊತೆಗೆ, ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಹೊಂದಿಸುವ ಕಾಂಪೋಸಿಟಿಂಗ್ ಎಂಬ ಕೆಲಸವೂ ಅದರಲ್ಲಿ ಆಗುತ್ತದೆ. ನಡುಕವನ್ನು ನಿಲ್ಲಿಸುವುದು ಈ ಕೆಲಸದ ಒಂದು ಭಾಗ. ಚಿತ್ರದೊಳಗಿನ ಚಲನೆಯನ್ನು ಹಿಂಬಾಲಿಸುವ ಸೌಕರ್ಯ ಬ್ಲೆಂಡರಿಗೆ ಬಂದದ್ದು 2011ರ ಕೊನೆಯಲ್ಲಿ. ಅದೇ ವರ್ಷ ಹಣ ಕೊಟ್ಟು ಕೊಳ್ಳುವ ಆಫ್ಟರ್ ಇಫೆಕ್ಟ್ಸ್ ಎಂಬ ತಂತ್ರಾಂಶಕ್ಕೆ ನಡುಕವನ್ನು ತಾನೇ ಕಂಡುಹಿಡಿದು ತಾನೇ ನಿಲ್ಲಿಸುವ ಉಪಕರಣವೂ ಬಂತು. ನಮ್ಮ ಮಕ್ಕಳು ಹಿಡಿದದ್ದು ಕೈಯಿಂದ ಮಾಡುವ ದಾರಿ.

ಅದರ ಗುಟ್ಟು ಸರಳವಾದುದು. ವಿಡಿಯೋ ಎಂದರೆ ಬಿಡಿ ಚಿತ್ರಗಳ ಸಾಲು. ನಮ್ಮ ಕ್ಯಾಮರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ. 22 ನಿಮಿಷಕ್ಕೆ 33,000 ಚಿತ್ರಗಳಾದವು. ಮೊದಲ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಒಂದು ಗುರುತನ್ನು ಆರಿಸಿ ಅದರ ಸುತ್ತ ಚಿಕ್ಕದೊಂದು ಚೌಕ ಹಾಕಬೇಕು. ಕಂಪ್ಯೂಟರು ಮುಂದಿನ ಚಿತ್ರದಲ್ಲಿ ಅದೇ ಗುರುತನ್ನು ಸುತ್ತಮುತ್ತ ಹುಡುಕಿ, ಅದು ಎಷ್ಟು ಬಿಂದು ಎಡಕ್ಕೋ ಬಲಕ್ಕೋ ಮೇಲಕ್ಕೋ ಕೆಳಕ್ಕೋ ಸರಿದಿದೆಯೆಂದು ಲೆಕ್ಕ ಬರೆದಿಡುತ್ತದೆ. ಹೀಗೆ ಕೊನೆಯ ಚಿತ್ರದವರೆಗೆ. ಆಮೇಲೆ ಗುರುತು ಬಲಕ್ಕೆ ಐದು ಬಿಂದು ಸರಿದಿದ್ದರೆ ಇಡೀ ಚಿತ್ರವನ್ನು ಎಡಕ್ಕೆ ಐದು ಬಿಂದು ಸರಿಸುವುದು. ಗುರುತು ಇದ್ದಲ್ಲೇ ಇರುತ್ತದೆ. ಅದರೊಡನೆ ದೃಶ್ಯವೂ ನಿಲ್ಲುತ್ತದೆ. ದೂರದೂರದ ಎರಡು ಗುರುತು ಹಿಡಿದರೆ ಕ್ಯಾಮರಾ ವಾಲಿದ್ದನ್ನೂ ತಿದ್ದಬಹುದು. ನಡುವೆ ಯಾರಾದರೂ ಎದ್ದು ನಿಂತು ಗುರುತು ಮರೆಯಾದರೆ ಕಂಪ್ಯೂಟರು ಕಕ್ಕಾಬಿಕ್ಕಿಯಾಗುತ್ತದೆ. ಆಗ ನಾವೇ ಕೈಹಿಡಿದು ದಾರಿ ತೋರಿಸಬೇಕು. ಮಕ್ಕಳು ಇದಕ್ಕಾಗಿ ಹಲವು ಶನಿವಾರಗಳನ್ನು ಕಳೆದರು.

ಮೊದಲ ಸಲ ಅವರು ಗುರುತು ಹಾಕಿದ್ದು ಅಜ್ಜ ಮಾಷ್ಟ್ರ ಕನ್ನಡಕದ ತುದಿಗೆ. ಹೊಳೆಯುವ ವಸ್ತು, ಹುಡುಕಲು ಸುಲಭ ಎಂದು. ಪರಿಣಾಮ ನೋಡುವಂತಿತ್ತು. ಮಾಷ್ಟ್ರ ತಲೆ ಕಲ್ಲಿನ ವಿಗ್ರಹದಂತೆ ಕದಲದೆ ನಿಂತಿದೆ. ಅವರು ತಲೆಯಾಡಿಸಿದಾಗಲೆಲ್ಲ ಹಿಂದಿನ ಗೋಡೆ, ದೀಪ, ಭಾಗವತರು ಎಲ್ಲರೂ ಕುಣಿಯುತ್ತಿದ್ದಾರೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾವು ಕಣ್ಣಾರೆ ಕಂಡೆವು. ನೆಲೆಯಾಗಿ ನಿಂತ ವಸ್ತುವಿಗೆ ಗುರುತು ಹಾಕಬೇಕು, ಚಲಿಸುವ ವಸ್ತುವಿಗೆ ಹಾಕಬಾರದು ಎಂಬ ಪಾಠ ಅಂದು ಕಲಿತದ್ದು. ಎರಡನೆಯ ಸಲ ಕರಿಹಲಗೆಯ ಮೂಲೆ ಒಂದು, ಗೋಡೆಯ ಗಡಿಯಾರದ ಚೌಕಟ್ಟು ಇನ್ನೊಂದು, ಈ ಎರಡನ್ನು ಹಿಡಿದರು. ಗೋಡೆ ನಿಂತಿತು, ದೀಪ ನಿಂತಿತು. ವಾಲಿ ತನ್ನ ಪಾಡಿಗೆ ತಾನು ಮಾತಾಡತೊಡಗಿದ.

ಶಾಲೆಯ ಸಭಾಂಗಣದಲ್ಲಿ ಊರವರನ್ನು ಕರೆದು ಆ ವಿಡಿಯೋ ತೋರಿಸಿದೆವು. ಎಲ್ಲರೂ ಮೆಚ್ಚಿದರು. ಅಜ್ಜ ಮಾಷ್ಟ್ರ ಮನೆಯವರು ಕಣ್ಣೊರೆಸಿಕೊಂಡರು. ಮುಗಿದ ಮೇಲೆ ಚಕ್ರತಾಳದ ಹುಡುಗನ ತಾಯಿ ನಮ್ಮ ಬಳಿ ಬಂದು ಮೆಲ್ಲನೆ ಕೇಳಿದರು: "ಮಾಷ್ಟ್ರೇ, ನಮ್ಮ ಹುಡುಗ ಎಲ್ಲಿ? ತಾಳ ಕೇಳ್ತದೆ, ಅವನು ಕಾಣುದಿಲ್ಲವಲ್ಲ?"

ನಮಗೆ ಉತ್ತರ ಬರಲಿಲ್ಲ. ಅಂದು ಅವನು ಕೂಟದ ತೀರಾ ಎಡ ತುದಿಯಲ್ಲಿ ಕುಳಿತಿದ್ದ. ಮೂಲ ವಿಡಿಯೋದಲ್ಲಿ ಇದ್ದ. ನಾವು ತಿದ್ದಿದ ವಿಡಿಯೋದಲ್ಲಿ ಇರಲಿಲ್ಲ.

ಹೇಗಾಯಿತೆಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಚಿತ್ರವನ್ನು ಎಡಕ್ಕೆ ಸರಿಸಿದರೆ ಬಲ ಅಂಚಿನಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಬಲಕ್ಕೆ ಸರಿಸಿದರೆ ಎಡ ಅಂಚಿನಲ್ಲಿ. ಈ ಕಪ್ಪನ್ನು ಮರೆಸಲು ತಂತ್ರಾಂಶ ಇಡೀ ಚಿತ್ರವನ್ನು ಹಿಗ್ಗಿಸುತ್ತದೆ. ಹಿಗ್ಗಿಸಿದಾಗ ಅಂಚು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ನಮ್ಮ ವಿಡಿಯೋದ ಅಗಲ 1920 ಬಿಂದು, ಎತ್ತರ 1080. ಬೆಂಚು ಜೋರಾಗಿ ಅಲುಗಿದ ಒಂದು ಗಳಿಗೆಯಲ್ಲಿ ಚಿತ್ರ 192 ಬಿಂದು ಪಕ್ಕಕ್ಕೆ ಹಾರಿತ್ತು. ಆ ಒಂದು ಗಳಿಗೆಗೆ ಬೇಕಾದಷ್ಟು ಹಿಗ್ಗನ್ನೇ ತಂತ್ರಾಂಶ 22 ನಿಮಿಷಕ್ಕೂ ಅನ್ವಯಿಸಿತು. ಎಡಬಲಗಳಲ್ಲಿ 192ರಂತೆ, ಮೇಲೆ ಕೆಳಗೆ 108ರಂತೆ ಬಿಂದುಗಳು ಹೋದರೆ ಉಳಿಯುವುದು 1536 ಅಗಲ, 864 ಎತ್ತರ. ಒಂದೊಂದು ಬದಿಯಿಂದ ಹತ್ತನೆಯ ಒಂದು ಪಾಲು ಹೋದದ್ದೆಂದು ಹಗುರವಾಗಿ ಹೇಳಬಹುದು. ವಿಸ್ತೀರ್ಣದ ಲೆಕ್ಕ ಹಾಕಿದರೆ ನೂರಕ್ಕೆ 36 ಪಾಲು ಚಿತ್ರ ಮಾಯ! ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲನ್ನು ಕತ್ತರಿಸಿ ಎಸೆದು, ಚಿತ್ರ ಸುಂದರವಾಯಿತೆಂದು ನಾವು ಹಿಗ್ಗಿದ್ದೆವು. ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡವರ ಕಥೆ ನಮ್ಮದಾಯಿತು. ಅಂಚಿನಲ್ಲಿ ಕುಳಿತವನ ಕಷ್ಟ ಗಡಿಯ ಊರಿನವರಾದ ನಮಗೆ ಬೇರೆಯವರು ಹೇಳಿಕೊಡಬೇಕಾದುದಲ್ಲ. ಆದರೂ ಆ ತಾಯಿ ಕೇಳುವವರೆಗೆ ನಮಗೆ ಅದು ಕಾಣಲಿಲ್ಲ.

ಅಂಚಿನಲ್ಲಿ ಏನಿರುತ್ತದೆ ಮಹಾ ಎನ್ನುವವರಿಗೆ ಲೋಕಪ್ರಸಿದ್ಧವಾದ ಒಂದು ಉದಾಹರಣೆ ಹೇಳಬೇಕು. 1963ರ ನವೆಂಬರ್ 22ರಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರ ಕೊಲೆಯಾಯಿತು. ಅದನ್ನು ಅಬ್ರಹಾಂ ಝಪ್ರೂಡರ್ ಎಂಬ ಉಡುಪು ವ್ಯಾಪಾರಿ ತನ್ನ ಮನೆಬಳಕೆಯ 8 ಮಿಲಿಮೀಟರ್ ಕ್ಯಾಮರಾದಲ್ಲಿ ಸೆರೆಹಿಡಿದರು. ಅವರೂ ನಮ್ಮ ಹುಡುಗನಂತೆ ಎತ್ತರದ ಕಟ್ಟೆಯೊಂದರ ಮೇಲೆ ನಿಂತಿದ್ದರು. ತಲೆಸುತ್ತಿ ಬೀಳದಂತೆ ಹಿಂದಿನಿಂದ ಒಬ್ಬರು ಅವರನ್ನು ಹಿಡಿದುಕೊಂಡಿದ್ದರು. ಒಟ್ಟು 486 ಚಿತ್ರಗಳು, ಅರ್ಧ ನಿಮಿಷಕ್ಕೂ ಕಡಿಮೆ. ಕೈಯಲ್ಲಿ ಹಿಡಿದ ಕ್ಯಾಮರಾ ಆದ್ದರಿಂದ ಚಿತ್ರ ನಡುಗುತ್ತದೆ. ಮುಂದೆ ಹಲವರು ಅದರ ಒಂದೊಂದು ಚಿತ್ರವನ್ನೂ ಹೊಂದಿಸಿ ನಡುಕ ನಿಲ್ಲಿಸಿದರು. ಅದರಿಂದ ಘಟನೆಯನ್ನು ನೋಡಲು ಎಷ್ಟೋ ಅನುಕೂಲವಾಯಿತು.

ಆದರೆ ಆ ಫಿಲ್ಮಿನಲ್ಲಿ ಎರಡು ಸ್ವಾರಸ್ಯಗಳಿವೆ. ಒಂದನೆಯದು, ಫಿಲ್ಮನ್ನು ಎಳೆಯಲು ಅದರ ಬದಿಯಲ್ಲಿರುವ ತೂತುಗಳ ನಡುವಣ ಜಾಗದಲ್ಲೂ ಚಿತ್ರ ಮೂಡಿತ್ತು. ಪರದೆಯ ಮೇಲೆ ಹಾಕಿದಾಗ ಆ ಅಂಚು ಕಾಣುವುದಿಲ್ಲ. 1998ರಲ್ಲಿ ಮೂಲ ಫಿಲ್ಮಿನಿಂದ ತಯಾರಿಸಿದ ಪ್ರತಿಯಲ್ಲಿ ಆ ಅಂಚನ್ನೂ ಸೇರಿಸಿ ಜನರ ಮುಂದಿಟ್ಟರು. ಎರಡನೆಯದು ಇನ್ನೂ ದೊಡ್ಡದು. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಲೂಯಿಸ್ ಆಲ್ವಾರೆಝ್ ಆ ಫಿಲ್ಮಿನ ನಡುಕವನ್ನೇ ಅಳೆದು 1976ರಲ್ಲಿ ಲೇಖನ ಪ್ರಕಟಿಸಿದರು. ಗುಂಡಿನ ಸದ್ದಿಗೆ ಮನುಷ್ಯ ಬೆಚ್ಚುತ್ತಾನೆ, ಬೆಚ್ಚಿದಾಗ ಕೈ ಅಲುಗುತ್ತದೆ, ಕೈ ಅಲುಗಿದಾಗ ಚಿತ್ರ ಮಸುಕಾಗುತ್ತದೆ. ಆದ್ದರಿಂದ ಯಾವ ಯಾವ ಚಿತ್ರಗಳು ಮಸುಕಾಗಿವೆಯೆಂದು ನೋಡಿದರೆ ಗುಂಡು ಹಾರಿದ ಹೊತ್ತನ್ನು ಊಹಿಸಬಹುದೆಂಬುದು ಅವರ ತರ್ಕ. ನಾವು ದೋಷವೆಂದು ಅಳಿಸಿಹಾಕುವ ನಡುಕ ಅಲ್ಲಿ ಸಾಕ್ಷಿಯಾಗಿ ನಿಂತಿತು. ಮೂಲವನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಜೋಪಾನವಾಗಿಟ್ಟಿದ್ದಾರೆ.

ಈ ವಿಷಯದಲ್ಲಿ ನಮ್ಮ ಅಧ್ಯಾಪಕರ ಕೊಠಡಿಯಲ್ಲೇ ಎರಡು ಪಕ್ಷಗಳಾದವು. ಇದ್ದದ್ದು ಇದ್ದ ಹಾಗೆ ಇರಲಿ, ತಿದ್ದುವುದೇ ಸುಳ್ಳು ಎಂದು ಒಂದು ಪಕ್ಷ. ಸಾಧನವಿರುವಾಗ ನಡುಕವನ್ನೇಕೆ ಸಹಿಸಬೇಕು, ಎಲ್ಲವನ್ನೂ ಚೊಕ್ಕಟ ಮಾಡೋಣ ಎಂದು ಇನ್ನೊಂದು ಪಕ್ಷ. ಎರಡೂ ಪೂರ್ತಿ ಸರಿಯೆಂದು ನಮಗೆ ತೋರುವುದಿಲ್ಲ.

ತಿದ್ದುವುದೆಲ್ಲ ಸುಳ್ಳೆನ್ನುವವರಿಗೆ ನಾವು ಹೇಳುವುದಿಷ್ಟು. ಕ್ಯಾಮರಾದ ನಡುಕ ವಾಲಿಯದಲ್ಲ, ಅಜ್ಜ ಮಾಷ್ಟ್ರದಲ್ಲ. ಅದು ನಮ್ಮ ಬೆಂಚಿನದು, ಕಳೆದುಹೋದ ನಮ್ಮ ತಿರುಪಿನದು. ಅದನ್ನು ತೆಗೆದರೆ ನಮ್ಮ ಕುಂದು ಹೋಗುತ್ತದೆಯೇ ಹೊರತು ಅವರ ಮಾತಿಗೆ ಊನವಾಗುವುದಿಲ್ಲ. ಅಷ್ಟೇ ಏಕೆ, ಅದು ಹೋದ ಮೇಲೆಯೇ ನಮಗೆ ಒಂದು ವಿಷಯ ಕಂಡದ್ದು. ದೃಶ್ಯ ನಿಂತಾಗ ಅಜ್ಜ ಮಾಷ್ಟ್ರ ಬಲಗೈ ಸಣ್ಣಗೆ ಕಂಪಿಸುತ್ತಿರುವುದು ಎದ್ದು ಕಂಡಿತು. ಎಲ್ಲವೂ ನಡುಗುತ್ತಿದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಲ್ಲವನ್ನೂ ಚೊಕ್ಕಟ ಮಾಡೋಣವೆನ್ನುವವರಿಗೂ ಇದೇ ಕೈ ಉತ್ತರ. ಅದನ್ನು ಕಂಡ ಒಬ್ಬ ಹುಡುಗ ಉತ್ಸಾಹದಿಂದ, "ಅಜ್ಜ ಮಾಷ್ಟ್ರ ಕೈಯನ್ನೂ ಹೀಗೇ ನಿಲ್ಲಿಸುವಾ ಮಾಷ್ಟ್ರೇ?" ಎಂದು ಕೇಳಿದ. ಕಾಂಪೋಸಿಟಿಂಗ್ ತಂತ್ರಾಂಶದಲ್ಲಿ ಅದು ಅಸಾಧ್ಯವೇನಲ್ಲ. ಕೈಯ ಭಾಗವನ್ನಷ್ಟೇ ಬೇರ್ಪಡಿಸಿ, ಅದಕ್ಕೆ ಬೇರೆ ಗುರುತು ಹಾಕಿ, ತಿದ್ದಿ, ಮತ್ತೆ ಕೂಡಿಸಬಹುದು. ನಾವು ಬೇಡವೆಂದೆವು. ಬಾಣ ತಗುಲಿ ನೆಲಕ್ಕೊರಗಿದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲವೆ ಎಂದು ರಾಮನನ್ನು ಕೇಳುವ ಹೊತ್ತು ಅದು. ಆ ಕಂಪನ ಮುಪ್ಪಿನದೆಂದು ಮನೆಯವರು ಹೇಳಿಯಾರು, ವಾಲಿಯದೆಂದು ರಸಿಕರು ಹೇಳಿಯಾರು. ಹೇಗಿದ್ದರೂ ಅದು ಅವರದು, ನಮ್ಮದಲ್ಲ. ಹಿಡಿದವನ ನಡುಕವನ್ನು ತಿದ್ದಬಹುದು, ಹಿಡಿಸಿಕೊಂಡವರ ನಡುಕವನ್ನು ಮುಟ್ಟಬಾರದು. ಇದೇ ನಮ್ಮ ಅಭಿಪ್ರಾಯದ ಸಾರ.

ಹಾಗಾದರೆ ಚಕ್ರತಾಳದ ಹುಡುಗನ ಗತಿಯೇನು? ಮಕ್ಕಳು ಮತ್ತೆ ಕೆಲಸಕ್ಕೆ ಕುಳಿತರು. ಈ ಸಲ ಚಿತ್ರವನ್ನು ಹಿಗ್ಗಿಸಲಿಲ್ಲ. ಚೌಕಟ್ಟನ್ನೇ ದೊಡ್ಡದು ಮಾಡಿದರು. 1920ಕ್ಕೆ 1080 ಇದ್ದುದನ್ನು 2304ಕ್ಕೆ 1296 ಮಾಡಿ ಅದರೊಳಗೆ ಚಿತ್ರವನ್ನು ಸರಿದಾಡಲು ಬಿಟ್ಟರು. ಈಗ ಸುತ್ತಲೂ ಕಪ್ಪು ಅಂಗಳವಿದೆ; ಆ ಅಂಗಳದಲ್ಲಿ ಚಿತ್ರದ ಅಂಚು ಅತ್ತಿತ್ತ ಕುಣಿಯುತ್ತದೆ. ನೋಡಲು ಅಷ್ಟು ಅಂದವಲ್ಲ. ಆದರೆ ಒಳಗಿರುವವರೆಲ್ಲ ನೆಟ್ಟಗೆ ಕುಳಿತಿದ್ದಾರೆ, ಒಬ್ಬರೂ ಹೊರಗೆ ಬಿದ್ದಿಲ್ಲ. ಬೆಂಚು ಅಲುಗಿದಾಗ ಮಸುಕಾದ ಚಿತ್ರಗಳು ಮಸುಕಾಗಿಯೇ ಉಳಿದಿವೆ. ಸರಿಸುವುದರಿಂದ ನಡುಕ ಹೋದೀತು, ಮಸುಕು ಹೋಗದು. ಎಡ ತುದಿಯಲ್ಲಿ ನಮ್ಮ ಹುಡುಗ ಕಣ್ಣು ಮಿಟುಕಿಸದೆ ಭಾಗವತರ ಮುಖ ನೋಡುತ್ತ ತಾಳ ಹಾಕುತ್ತಿದ್ದಾನೆ. ಅವನ ತಾಯಿ ಬಂದು ನೋಡಿಕೊಂಡು ಹೋದರು.

ಇಷ್ಟರಿಂದ ನಾವು ಕೆಲವು ಪದ್ಧತಿಗಳನ್ನು ಇಟ್ಟುಕೊಂಡಿದ್ದೇವೆ. ಮೂಲ ವಿಡಿಯೋವನ್ನು ಎಂದಿಗೂ ಅಳಿಸಬಾರದು. ಎರಡು ಬೇರೆ ಬೇರೆ ಕಡೆ ಪ್ರತಿಯಿರಬೇಕು. ತಿದ್ದಿದ ಪ್ರತಿಯ ಮೊದಲಲ್ಲಿ, ಇದು ತಿದ್ದಿದ್ದು, ಇಂತಿಷ್ಟು ಅಂಚು ಹೋಗಿದೆ ಎಂದು ಬರೆದಿರಬೇಕು. ತಿದ್ದಿದ್ದನ್ನು ಊರವರಿಗೆ ತೋರಿಸುವ ಮೊದಲು ಮೂಲದೊಡನೆ ಹೋಲಿಸಿ, ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು ತಲೆ ಎಣಿಸಬೇಕು. ಮೊಬೈಲಿನಲ್ಲಿ ತೆಗೆಯುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಅನೇಕ ಫೋನುಗಳು ನಡುಕ ನಿಲ್ಲಿಸುವ ಈ ಕೆಲಸವನ್ನು ಚಿತ್ರ ತೆಗೆಯುವಾಗಲೇ ಮಾಡಿ, ಅಂಚು ಕತ್ತರಿಸಿದ ಚಿತ್ರವನ್ನೇ ಉಳಿಸುತ್ತವೆ. ಅಲ್ಲಿ ಮರಳಿ ನೋಡಲು ಮೂಲವೇ ಇರುವುದಿಲ್ಲ. ಆದ್ದರಿಂದ ಎರಡು ಹೆಜ್ಜೆ ಹಿಂದೆ ನಿಂತು, ಸುತ್ತ ತುಸು ಜಾಗ ಬಿಟ್ಟು ತೆಗೆಯುವುದು ಜಾಣತನ.

ಎಲ್ಲಕ್ಕಿಂತ ಮೇಲಾದದ್ದು ನಡುಗದಂತೆ ಹಿಡಿಯುವುದು. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ಎಂಬವರು ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ರೂಪಿಸಿದರು. ಕ್ಯಾಮರಾದ ಭಾರವನ್ನು ಸ್ಪ್ರಿಂಗಿನ ತೋಳೊಂದರ ಮೂಲಕ ಮೈಗೆ ಕಟ್ಟಿದ ಕವಚಕ್ಕೆ ವರ್ಗಾಯಿಸುವ ಸಾಧನ ಅದು. 1976ರ 'ರಾಕಿ' ಚಿತ್ರದಲ್ಲಿ ನಾಯಕ ಮೆಟ್ಟಿಲು ಹತ್ತಿ ಓಡುವ ದೃಶ್ಯವನ್ನು ಅದರಿಂದಲೇ ತೆಗೆದರು. ನಮ್ಮಂಥ ಶಾಲೆಗೆ ಅದು ಎಟುಕದು. ಆದರೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಬೆನ್ನನ್ನು ಕಂಬಕ್ಕೆ ಆನಿಸಿ, ಉಸಿರನ್ನು ನಿಧಾನಗೊಳಿಸಿ ನಿಲ್ಲಲು ಕಾಸು ಖರ್ಚಿಲ್ಲ. ಮೂರು ಕಾಲಿನ ಸ್ಟ್ಯಾಂಡಿಗೆ ಹೊಸ ತಿರುಪು ಬಂದಿದೆ. ಅದರ ಬೆಲೆ ಒಂದು ಊಟದ ಬೆಲೆಗಿಂತ ಕಡಿಮೆ. ಅದನ್ನು ಆರು ತಿಂಗಳು ಮೊದಲೇ ತರಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಮ್ಮ ಊರುಗಳಲ್ಲಿ ಹಳೆಯ ಪ್ರಸಂಗ ಬಲ್ಲವರು, ನಾಟಿಯ ಹಾಡು ಬಲ್ಲವರು, ಮನೆತನದ ಕಥೆ ಬಲ್ಲವರು ಇನ್ನೂ ಇದ್ದಾರೆ. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳು ಬರುವ ರಜೆಯಲ್ಲಿ ಅವರ ಮುಂದೆ ಕ್ಯಾಮರಾ ಹಿಡಿದು ಕೂರಲಿ. ಕೈ ನಡುಗಿದರೂ ಚಿಂತೆಯಿಲ್ಲ, ಅದಕ್ಕೆ ಉಪಾಯವಿದೆ. ಬಾಗಿಲ ಬಳಿ ಕುಳಿತು ನಡುನಡುವೆ ಹೂಂಗುಟ್ಟುವ ಅಜ್ಜಿಯೂ ಚೌಕಟ್ಟಿನೊಳಗೆ ಇದ್ದಾರೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಲಿ.